ಸುರಪುರಕ್ಕೆ ಗೂಡ್ಸ್ ಗಾಡಿ

ಜಮಾಲಸಾಬರು ಮಾಳಿಗೆಯ ಮೇಲಿನ ಕೋಣೆಗೆ ಹೋಗುವುದನ್ನು ಬಿಟ್ಟದ್ದು ಕಣ್ಣು ಪೂರ್ತಿ ಹೋದ ಮೇಲಲ್ಲ, ಇನ್ನೂ ಬೆಳಕು ನೆರಳು ತಿಳಿಯುತ್ತಿದ್ದಾಗಲೇ. ಕಣ್ಣಿನ ನರ ಒಣಗುತ್ತ ಬಂದಿದೆ, ಹೋದದ್ದು ಮರಳುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ ವರ್ಷವೇ ಅವರು ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಹೆಂಡತಿ ಖಾಸಿಂಬೀಗೆ ಕೊಟ್ಟುಬಿಟ್ಟರು.

ಕೋಣೆಯಲ್ಲಿ ಇದ್ದದ್ದು ಒಂದು ರೈಲ್ವೆ. ಯಾದಗಿರಿ ಸ್ಟೇಷನ್ನಿನಲ್ಲಿ ಸಿಗ್ನಲ್ ರಿಪೇರಿಯ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಸಿಕಂದರಾಬಾದಿನಿಂದ ತಂದ ಅಂಗೈಯುದ್ದದ ಇಂಜಿನ್ನುಗಳು, ರಟ್ಟು ಪ್ಲಾಸ್ಟಿಕ್ಕು ಕತ್ತರಿಸಿ ತಾವೇ ಮಾಡಿದ ಗೂಡ್ಸ್ ಡಬ್ಬಿಗಳು, ಇವನ್ನಿಟ್ಟುಕೊಂಡು ಗೋಡೆಗುಂಟ ಕೂರಿಸಿದ ಪ್ಲೈವುಡ್ ಹಲಗೆಯ ಮೇಲೆ ಹಳಿ ಹಾಸಿದ್ದರು. ಬಾಗಿಲ ಬಲಕ್ಕೆ ಯಾದಗಿರಿ. ಅಲ್ಲಿಂದ ಭೀಮಾ ನದಿಯ ಸೇತುವೆ ದಾಟಿ, ಗುಡ್ಡದ ಬುಡದ ಶಹಾಪುರ ಹಾದು, ಕಿಟಕಿಯ ಕೆಳಗಿನ ಸುರಪುರಕ್ಕೆ ಲೈನು. ಸುರಪುರದಾಚೆ ನೀಲಿ ಗಾಜಿನ ತುಂಡೊಂದು ಬೋನಾಳ ಕೆರೆಯಾಗಿತ್ತು. ಮಣ್ಣಿನ ಮೇಲೆ ಶಹಾಪುರಕ್ಕೂ ರೈಲಿಲ್ಲ, ಸುರಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. ಹಲಗೆಯ ಮೇಲೆ ಮಾತ್ರ ಇತ್ತು.

ಸುರಪುರದ ಮಸರತ ಈ ಮನೆಗೆ ಸೊಸೆಯಾಗಿ ಬಂದ ವಾರವೇ ಮಾವ ಅವಳನ್ನು ಮೇಲೆ ಕರೆದೊಯ್ದು ತೋರಿಸಿದ್ದರು. "ಸರಕಾರ ನಿಮ್ಮ ತವರಿಗೆ ರೈಲು ಬಿಡವಲ್ದು. ನಮ್ಮ ಮನ್ಯಾಗಿಂದ ಒಂದು ಹೋಗ್ತದ ನೋಡು ಬೇಟಾ" ಎಂದಿದ್ದರು. ಮನೆಯಲ್ಲಿ ಆಡುವುದು ದಖನಿ ಉರ್ದುವಾದರೂ ಅವಳು ಕನ್ನಡ ಶಾಲೆಯಲ್ಲಿ ಓದಿದವಳೆಂದು ಅವಳೊಡನೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. ಹೊಸ ಮನೆಯಲ್ಲಿ ಅವಳಿಗೆ ಮೊದಲು ಹಗುರೆನಿಸಿದ್ದು ಆ ಹೊತ್ತು.

ಮಗ ಇನಾಯತನದು ಗಂಜ್ ರಸ್ತೆಯಲ್ಲಿ ಕರೆಂಟು ಸಾಮಾನಿನ ಅಂಗಡಿ. ಫ್ಯಾನು, ಮೋಟರುಗಳ ಡಬ್ಬ ಇಡಲು ಜಾಗ ಸಾಲದೆ ಒಂದು ದಿನ ಊಟದ ಹೊತ್ತಿಗೆ ಅವನು ತಂದೆಯ ಎದುರು ಹೇಗೋ ಬಾಯಿಬಿಟ್ಟ. "ಅಬ್ಬಾ, ಮ್ಯಾಲಿನ ಖೋಲಿ ಹಂಗೇ ಬಿದ್ದದ..."

ಜಮಾಲಸಾಬರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ತಗೀರಿ. ಕುರುಡನ ಮನ್ಯಾಗ ಕನ್ನಡಿ ಯಾಕ?"

ಮರುದಿನ ಗಂಡನ ಜೊತೆ ಮಸರತಳೂ ಮೇಲೆ ಹೋದಳು. ಹಲಗೆಯ ಕೆಳಗೆ ಹಳೆಯ ಲ್ಯಾಪ್‌ಟಾಪೊಂದು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಚಾರ್ಜು ಮಾಡಿ ತೆರೆದರೆ, ಮಾದರಿ ರೈಲ್ವೆ ನಡೆಸುವ ಒಂದು ಸಾಫ್ಟ್‌ವೇರು. ಊರಿನ ಹೆಸರು ತುಂಬುವ ಕಡೆ 'ಯಾದಗಿರಿ' ಎಂಬುದೊಂದೇ ಇತ್ತು, ಮುಂದೆ ಖಾಲಿ. ಕೆಳಗೆ ಬಂದು ಮಾವನನ್ನು ಕೇಳಿದಳು.

"ಅದಾ?" ಎಂದರು ಅವರು. "ಗಾಡಿ ಬರೇ ಸುತ್ತು ಹೊಡೀತಿತ್ತು. ಯಾಕ ಹೊಂಟದ, ಏನು ಒಯ್ಯಾಕತ್ತದ, ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾವ ಊರಾಗ ಯಾವ ಲೈನು, ಲೈನಿಗೆ ಎಷ್ಟು ಡಬ್ಬಿ ಹಿಡೀತಾವ, ಯಾವ ಮಾಲು ಬರ್ತದ, ಯಾವ ಮಾಲು ಹೋಗ್ತದ, ಎಲ್ಲಾ ಹೇಳಿಕೊಟ್ರ ಅದೇ ಹುಕುಂ ತಗೀತದ. ಈ ಡಬ್ಬಿ ಇಲ್ಲಿ ಎತ್ತು, ಅಲ್ಲಿ ಬಿಡು ಅಂತ. ಶುರು ಮಾಡೂದ್ರಾಗ ಅಕ್ಷರ ಕಾಣದಂಗಾದ್ವು."

ಮಸರತ ಒಂದು ಬೇಳೆ ಗಿರಣಿಯ ಆಫೀಸಿನಲ್ಲಿ ಲಾರಿ ಲೋಡಿನ ಲೆಕ್ಕ ನೋಡುತ್ತಿದ್ದಳು. ತಾನು ಕಳಿಸುವ ಲಾರಿಗಳನ್ನು ಅವಳು ಕಣ್ಣಿಂದ ನೋಡುವುದೇ ಅಪರೂಪ. ಯಾವುದು ಗುರುಮಠಕಲ್ ದಾಟಿದೆ, ಯಾವುದು ಹೈದರಾಬಾದಿನಲ್ಲಿ ಇಳಿಸಲು ಕಾಯುತ್ತಿದೆ, ಎಲ್ಲ ಫೋನಿನಲ್ಲೇ, ತಲೆಯಲ್ಲೇ. ಅಂದು ಗಿರಣಿಯಲ್ಲಿ ಕೂತಾಗ ಅವಳಿಗೆ ತಟ್ಟನೆ ಹೊಳೆಯಿತು: ಇದಕ್ಕೆ ಕಣ್ಣೇ ಬೇಕೆಂದಿಲ್ಲ. ಗಾಡಿ ಸುತ್ತುವುದನ್ನು ನೋಡಲು ಕಣ್ಣು ಬೇಕು. ಗಾಡಿ ನಡೆಸಲು ಲೆಕ್ಕ ತಲೆಯಲ್ಲಿದ್ದರೆ ಸಾಕು.

ಸಂಜೆ ಇನಾಯತನಿಗೆ, "ಎರಡು ತಿಂಗಳು ತಡೀರಿ" ಎಂದಳು. ಲ್ಯಾಪ್‌ಟಾಪು ಹಿಡಿದು ಮಾವನ ಮಂಚದ ಪಕ್ಕ ಕೂತಳು. "ಅಬ್ಬಾ, ನಾ ಬರಕೊಂತೀನಿ, ನೀವು ಹೇಳ್ರಿ. ಶಹಾಪುರದಾಗ ಏನೇನವ?"

ಮೊದಮೊದಲು ಅವರು ಒಲ್ಲದ ಮನಸ್ಸಿನಿಂದ ಹೇಳಿದರು. ಶಹಾಪುರದಲ್ಲಿ ಅಕ್ಕಿ ಗಿರಣಿ: ಭತ್ತ ಒಳಗೆ, ಅಕ್ಕಿ ಹೊರಗೆ. ಯಾದಗಿರಿಯಲ್ಲಿ ಬೇಳೆ ಗಿರಣಿ. ಸುರಪುರದಲ್ಲಿ ಹತ್ತಿ ಜಿನ್ನಿಂಗು, ಗೊಬ್ಬರದ ಗೋದಾಮು. ವಾಡಿಯಿಂದ ಬರುವುದು ಸಿಮೆಂಟು. ಹೇಳುತ್ತ ಹೇಳುತ್ತ ದನಿ ಏರಿತು. "ಖಾಲಿ ಡಬ್ಬಿ ಸುಮ್ಮನ ಕಳಿಸಬ್ಯಾಡ. ಗೊಬ್ಬರ ಇಳಿಸಿದ್ದರಾಗ ಹತ್ತಿ ತುಂಬಿದ್ರ ಹತ್ತಿ ಹಾಳಾಗ್ತದ, ಅದು ಬ್ಯಾರೆ ಡಬ್ಬಿ ಮಾಡು" ಎಂದು ತಾವಾಗಿ ಹೇಳತೊಡಗಿದರು.

"ಸುರಪುರದಿಂದ ಹೊರಗ ಹೋಗೂದು ಹತ್ತಿ ಒಂದೇ ಏನ್ರಿ?" ಎಂದು ಅವಳು ಕೇಳಿದಾಗ ಅಡುಗೆಮನೆಯಿಂದ ಖಾಸಿಂಬೀ ಕೂಗಿದಳು. "ಸೊಸಿ ಬಂದಾಳಲ್ಲ! ಅದೂ ಬರಕೋ!"

ಡಬ್ಬಿ ನಿಲ್ಲಿಸುವ ಪಕ್ಕದ ಲೈನುಗಳ ಅಳತೆಯನ್ನೂ ಅವರು ನೆನಪಿನಿಂದಲೇ ಹೇಳಿದರು. ಯಾದಗಿರಿ ಯಾರ್ಡಿನದು, ಸುರಪುರದ್ದು, ಶಹಾಪುರ ಗಿರಣಿಯದು. "ಗಿರಣಿ ಲೈನಿಗೆ ಐದು ಡಬ್ಬಿ." ಮಸರತ ಹೇಳಿದಂತೆ ತುಂಬಿದಳು. ಮೇಲೆ ಹೋಗಿ ಒಮ್ಮೆ ಅಳೆದು ನೋಡಬೇಕೆಂದು ಅವಳಿಗೆ ಅನಿಸಲಿಲ್ಲ. ಅಷ್ಟು ಖಚಿತವಾಗಿ ಹೇಳುವವರನ್ನು ಅಳೆದು ನೋಡುವುದೆಂದರೆ ನಂಬದ ಹಾಗೆ.

ಒಂದು ಭಾನುವಾರ ಮಧ್ಯಾಹ್ನ ಮೊದಲ ಗಾಡಿ ಹೊರಟಿತು. ಜಮಾಲಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಕೋಣೆಯ ನಡುವೆ ಕುರ್ಚಿಯಲ್ಲಿ ಕೂತರು. ಮಸರತ ಗುಂಡಿ ಒತ್ತಿದಳು. ಸಾಫ್ಟ್‌ವೇರು ಹುಕುಂ ತೆಗೆಯಿತು: ಭತ್ತದ ಐದು ಡಬ್ಬಿ ಯಾದಗಿರಿಯಿಂದ ಶಹಾಪುರ ಗಿರಣಿಗೆ. ಅವಳೇ ಇಂಜಿನ್ ನಡೆಸಿದಳು. ಸೇತುವೆಯ ಮೇಲೆ ಸದ್ದು ಬದಲಾದಾಗ ಮಾವನ ಮುಖ ಅತ್ತ ತಿರುಗಿತು. "ಭೀಮಾ ದಾಟ್ತು" ಎಂದರು. ಗಿರಣಿಯ ಲೈನಿಗೆ ಡಬ್ಬಿ ನೂಕಿ, ಇಂಜಿನ್ ಬಿಡಿಸಿಕೊಂಡು ಸುತ್ತುಹಾಕಿ ಹೊರಟಳು. ಹಿಂದಿನ ಎರಡು ಡಬ್ಬಿಗಳು ಲೈನಿನೊಳಗೆ ಹಿಡಿಯದೆ ಮುಖ್ಯ ಹಳಿಯ ಮೇಲೇ ಉಳಿದದ್ದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಮರಳಿ ಬಂದ ಇಂಜಿನ್ ಅವಕ್ಕೆ ಬಡಿಯಿತು. ಎರಡೂ ಹಲಗೆಯಿಂದುರುಳಿ ನೆಲಕ್ಕೆ ಬಿದ್ದವು.

"ಏನಾತು?"

"ಏನಿಲ್ರಿ ಅಬ್ಬಾ, ಬುಕ್ಕು ಬಿತ್ತು."

ಜಮಾಲಸಾಬರು ಸದ್ದು ಬಂದ ಕಡೆ ಮುಖ ತಿರುಗಿಸಿದರು. "ಗುಡ್ಡ ದೊಡ್ಡದು ಮಾಡಿದಾಗ ಆ ಲೈನು ನಾನೇ ಕತ್ತರಿಸಿದ್ದೆ. ಮೂರೇ ಹಿಡೀತಾವ" ಎಂದು ಎದ್ದರು. ಬಾಗಿಲ ಬಳಿ ನಿಂತು, ಅವಳತ್ತ ಅಲ್ಲ, ಗೋಡೆಯತ್ತ ಹೇಳಿದರು. "ಕಣ್ಣು ಹೋದ್ರ ಹೋತು, ತಲ್ಯಾಗ ಇಟ್ಟೀನಿ ಅಂದುಕೊಂಡಿದ್ದೆ. ಅಲ್ಲೂ ಇಲ್ಲ."

ಆಮೇಲೆ ಅವರು ಮೇಲೆ ಹೋಗಲಿಲ್ಲ, ಮಾತೂ ಕಡಿಮೆಯಾಯಿತು. ಕರೆದರೆ ಊಟಕ್ಕೆ ಬಂದರು, ಇಲ್ಲದಿದ್ದರೆ ಮಂಚ. ಖಾಸಿಂಬೀ ಒಂದು ದಿನ ಸೊಸೆಯನ್ನು ಹಿತ್ತಲಿಗೆ ಕರೆದು ಕೆಂಡ ಕಾರಿದಳು. "ಮಾಯಾಕತ್ತಿದ್ದ ಗಾಯ. ಕೆರೆದು ಇಟ್ಟಿ. ಮುದುಕ ಮನುಷ್ಯಾಗ ಸುಳ್ಳು ಬ್ಯಾರೆ ಹೇಳ್ತಿ, ಬುಕ್ಕು ಬಿತ್ತು ಅಂತ!"

ಮಸರತಳಿಗೆ ಆ ಸುಳ್ಳೇ ಚುಚ್ಚುತ್ತಿತ್ತು. ಡಬ್ಬಿ ಮುರಿದದ್ದಕ್ಕಿಂತ ಅದೇ ಹೆಚ್ಚು. ಕಾಣದವರೆಂದು ತಾನೇ ಹೇಳಿದ್ದು? ಕ್ಷಮೆ ಕೇಳಲು ಹತ್ತಾರು ಸಲ ಮಂಚದ ಹತ್ತಿರ ಹೋಗಿ, ನೀರು ಬೇಕೇನ್ರಿ ಎಂದಷ್ಟೇ ಕೇಳಿ ಬಂದಳು.

ಒಂದು ಸಂಜೆ ಕೊನೆಗೂ ಬೇರೆ ದಾರಿ ಹಿಡಿದಳು. ಚಹಾ ಕೊಟ್ಟು ಹೇಳಿದಳು. "ಅಬ್ಬಾ, ಅವತ್ತು ಬಿದ್ದದ್ದು ಬುಕ್ಕಲ್ಲ, ಎರಡು ಡಬ್ಬಿ. ಒಂದರ ಗಾಲಿ ಮುರದದ. ಕಂಪ್ಯೂಟರು ಇನ್ನೂ ಐದೂ ಡಬ್ಬಿ ಗಿರಣ್ಯಾಗೇ ಅವ ಅಂತ ತಿಳಕೊಂಡದ. ಮೂರರ ಲೈನಿನಾಗ ಐದು. ಮುಂದಿನ ಗಾಡಿಗೆ ಹುಕುಂ ಕೇಳಿದ್ರ ಆಗಂಗಿಲ್ಲ ಅಂತದ. ನಾ ಏನಂತ ಹೇಳಲಿ ಅದಕ್ಕ?"

ಜಮಾಲಸಾಬರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಸಿಗ್ನಲ್ ಖಾತೆಯ ಮನುಷ್ಯನಿಗೆ ತಪ್ಪು ದಾಖಲೆ ಎಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. "ಎಲ್ಲೆಲ್ಲವ ಅವು, ಅಲ್ಲೇ ಅವ ಅಂತ ಹೇಳು."

"ಯಾವುದು ಎಲ್ಲದ ನನಗ ತಿಳಿವಲ್ದು. ಎಲ್ಲಾ ಒಂದೇ ಥರ ಕಾಣ್ತಾವ. ನೀವು ಬಂದು ಕೈ ಮುಟ್ಟಿ ಹೇಳಬೇಕು."

ಅದು ಅರ್ಧ ನಿಜ. ಅವರಿಗೂ ಅದು ಗೊತ್ತಾಗಿರಬೇಕು. ಆದರೂ ಚಹಾ ಮುಗಿಸಿ, "ಖಾಸಿಂಬೀ, ಕೈ ಕೊಡು" ಎಂದರು.

ಹಳಿ ಹಾಸಿದ ದಿನದಿಂದಲೂ ಖಾಸಿಂಬೀ ಆ ಕೋಣೆಯನ್ನು ಸವತಿ ಎಂದೇ ಕರೆಯುತ್ತ ಬಂದವಳು, ಕಸ ಗುಡಿಸಲು ಬಿಟ್ಟರೆ ಒಳಗೆ ಕಾಲಿಟ್ಟವಳಲ್ಲ. ಅಂದು ಗಂಡನ ಕೈ ಹಿಡಿದು ಬಂದವಳು ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಜಮಾಲಸಾಬರು ಗಿರಣಿಯ ಲೈನಿಗೆ ಕೈ ಇಟ್ಟರು. ಒಂದು ಡಬ್ಬಿ ನೂಕಿದರು, ಎರಡನೆಯದನ್ನು ಅದಕ್ಕೆ ತಾಗಿಸಿದರು, ಮೂರನೆಯದು. ಮುಖ್ಯ ಹಳಿ ಸೇರುವ ಜಾಗದಲ್ಲಿ ಬೆರಳಿಟ್ಟು ಸಂದು ಹಿಡಿದು ನೋಡಿದರು. "ಮೂರು. ಬರಕೋ." ಹಾಗೆಯೇ ಪ್ರತಿಯೊಂದು ಲೈನು. ಅವರ ನೆನಪು ಒಂದೆರಡು ಕಡೆ ಸರಿಯಾಗಿತ್ತು, ಮೂರ್ನಾಲ್ಕು ಕಡೆ ತಪ್ಪಾಗಿತ್ತು. ತಪ್ಪಾದಾಗಲೆಲ್ಲ ಅವರು ಎದ್ದು ಹೋಗಿಬಿಡುತ್ತಾರೇನೋ ಎಂದು ಮಸರತ ಅಂಜುತ್ತಿದ್ದಳು. ಅವರು ಮಾತ್ರ ಪ್ರತಿ ಸಲವೂ ಕೈ ಹಿಂದೆ ತೆಗೆದುಕೊಂಡು, ಮತ್ತೆ ಇಟ್ಟು, ಅಂಕಿ ಬದಲಿಸಿ ಹೇಳಿದರು. ಸುರಪುರದ ಹತ್ತಿರ ಬೆರಳು ತಟ್ಟನೆ ನಿಂತಿತು. "ಇಲ್ಲಿ ಹಳಿ ಸ್ವಲ್ಪ ಕುಂತದ. ಇಷ್ಟು ವರ್ಷ ನೋಡಿದೆ, ಕಂಡಿರಲಿಲ್ಲ ನನಗ" ಎಂದರು. ದನಿಯಲ್ಲಿ ಆಶ್ಚರ್ಯವಿತ್ತು.

ಇನ್ನುಳಿದದ್ದು ಡಬ್ಬಿಗಳ ಗುರುತು. ನಂಬರುಗಳನ್ನು ಬಣ್ಣದಲ್ಲಿ ಬರೆದಿದ್ದರು. ಬೆರಳಿಗೆ ಅವು ಸಿಗುತ್ತಿರಲಿಲ್ಲ. ಖಾಸಿಂಬೀ ಸ್ವಲ್ಪ ಹೊತ್ತು ನೋಡಿ, ಎದ್ದು ಕೆಳಗೆ ಹೋಗಿ, ದುಪಟ್ಟಾ ಅಂಚಿಗೆ ಹಾಕುವ ಮಣಿಗಳ ಡಬ್ಬಿ ತಂದಳು.

"ಏನು ಮಾಡಾಕತ್ತಿ?"

"ಅಕ್ಕಿದಕ್ಕ ಒಂದು ಮಣಿ, ಹತ್ತಿದಕ್ಕ ಎರಡು, ಗೊಬ್ಬರದ್ದಕ್ಕ ಕೊಳವಿ ಮಣಿ. ಅದರ ಪಕ್ಕ ನಂಬರಿಗೆ ಚುಕ್ಕಿ."

"ಅರೆ, ಗೂಡ್ಸ್ ಗಾಡಿಗೆ ಜೇವರು, ಒಡವಿ ಹಾಕ್ತಾರೇನು!"

"ನಿಮ್ಮ ಗಾಡಿಗೆ ಹಾಕ್ತಾರ. ಸುಮ್ಮನ ಕೂಡ್ರಿ" ಎಂದು ಅವಳು ಅಂಟು ಹಚ್ಚತೊಡಗಿದಳು.

ಎಲ್ಲ ತಿದ್ದಿ ತುಂಬಿ ಮುಗಿಯುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಸಾಫ್ಟ್‌ವೇರಿನ ಹುಕುಂ ಮಸರತಳ ಫೋನಿಗೆ ಬಂದು, ಫೋನು ಅದನ್ನು ಯಂತ್ರದ ಹೆಣ್ಣುದನಿಯಲ್ಲಿ ಗಟ್ಟಿಯಾಗಿ ಓದುತ್ತಿತ್ತು. ಒಬ್ಬಳೇ ನಡೆಸಿದ್ದಕ್ಕೇ ಮೊದಲ ಸಲ ಕೆಟ್ಟದ್ದು ಎಂದು ಈ ಸಲ ಜಮಾಲಸಾಬರೇ ಕೆಲಸ ಹಂಚಿದರು. ಯಾರ್ಡಿನ ಕೆಲಸ ಅವರದು. ಇಂಜಿನ್ ಇನಾಯತನಿಗೆ, ಶಹಾಪುರ ಮಸರತಳಿಗೆ. ಖಾಸಿಂಬೀಗೆ ಸುರಪುರ.

ಫೋನು ಓದಿತು. ಜಮಾಲಸಾಬರು ತಲೆ ಬಾಗಿಸಿ ಕೇಳಿದರು. ಆಮೇಲೆ ಯಾರ್ಡಿನ ಡಬ್ಬಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, ಮನಸ್ಸಿನಲ್ಲೇ ಜೋಡಿಸಿದರು. "ಇನಾಯತ, ಶಹಾಪುರದವು ಇಂಜಿನ್ ಹತ್ರ ಇರಲಿ. ಮೊದಲು ಅವು ಇಳೀತಾವ. ಸುರಪುರದವು ಹಿಂದ. ಇಲ್ಲಾಂದ್ರ ಅಲ್ಲಿ ಹೋಗಿ ಇಡೀ ಗಾಡಿ ಬಿಚ್ಚಬೇಕಾಗ್ತದ. ಹಿಂದಕ್ಕ ಬಾ... ಬಾ... ಸಾಕು. ಮೂರನೇ ಲೈನು ಹಾಕು." ಮಸರತ ಅವರ ಮುಖವನ್ನೇ ನೋಡುತ್ತಿದ್ದಳು. ಕಣ್ಣಿದ್ದಾಗ, ಗಾಡಿ ಸುತ್ತುವುದನ್ನು ನೋಡುತ್ತ ಅವರು ನಗುತ್ತಿದ್ದರು. ಈಗ ನಗುತ್ತಿರಲಿಲ್ಲ. ಹುಬ್ಬು ಗಂಟು ಹಾಕಿ ಕೆಲಸ ಮಾಡುತ್ತಿದ್ದರು.

ಇನಾಯತ ಜೋರಾಗಿ ಬಿಟ್ಟಾಗ, "ಅಂಗಡಿ ಸ್ಕೂಟರ್ ಅಲ್ಲ ಅದು, ಗೂಡ್ಸು!" ಎಂದು ಬೈದರು. ಗಾಡಿ ಶಹಾಪುರದಲ್ಲಿ ಡಬ್ಬಿ ಬಿಟ್ಟು, ಅಕ್ಕಿಯ ಡಬ್ಬಿ ಎತ್ತಿಕೊಂಡು ಸುರಪುರ ಮುಟ್ಟಿತು. ಅಲ್ಲಿ ಖಾಸಿಂಬೀ ಎಣಿಸಿ, "ನಂದು ನಾಲ್ಕು ಅಂದಿತ್ತು, ಐದು ಬಂದಾವ" ಎಂದಳು. ಒಂದರ ಮಣಿ ಉದುರಿತ್ತು; ಶಹಾಪುರದಲ್ಲಿ ಇಳಿಯಬೇಕಾದದ್ದು ಅದು.

ಮಸರತ ಅದನ್ನೆತ್ತಿ ಶಹಾಪುರದಲ್ಲಿ ಇಡಲು ಕೈಚಾಚಿದಳು.

"ಎತ್ತಬ್ಯಾಡ" ಎಂದರು ಜಮಾಲಸಾಬರು, ಸದ್ದಿನಿಂದಲೇ ತಿಳಿದು. "ಖರೇ ರೈಲ್ವೆದಾಗ ಯಾರಾದ್ರೂ ಎತ್ತಿ ಇಡ್ತಾರೇನು? ಸುರಪುರದಾಗ ಅದ ಅಂತ ಬರಿ. ಮುಂದಿನ ವಾರ ಇಳಿಸೂನು."

ಅವಳು ಹಾಗೇ ಬರೆದಳು. ಸಾಫ್ಟ್‌ವೇರು ತಕರಾರಿಲ್ಲದೆ ಒಪ್ಪಿಕೊಂಡಿತು.

ಕಣ್ಣು ಮರಳಲಿಲ್ಲ. ಕೆಲವು ದಿನ ಜಮಾಲಸಾಬರು ಈಗಲೂ ಮಂಚ ಬಿಟ್ಟು ಏಳುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ, ಮನೆಯವರೂ ಒತ್ತಾಯಿಸುವುದಿಲ್ಲ. ಇನಾಯತ ಮೋಟರುಗಳನ್ನು ಅಂಗಡಿಯ ಹಿಂದೆ ತಗಡು ಹೊದಿಸಿ ಇಟ್ಟುಕೊಂಡಿದ್ದಾನೆ. ಆದರೆ ಭಾನುವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದ ಜಮಾಲಸಾಬರು ಮೇಲೆ ಹೋಗದೆ ಇದ್ದದ್ದು ಕಡಿಮೆ.

ಕಳೆದ ವಾರ ಗಾಡಿ ಹೊರಡುವ ಮೊದಲೇ ಜಗಳ ಎದ್ದಿತು. ತನ್ನ ಸುರಪುರಕ್ಕೆ ಬರೀ ಗೊಬ್ಬರ, ಖಾಲಿ ಡಬ್ಬಿ ಕಳಿಸುತ್ತಾರೆ, ಶಹಾಪುರಕ್ಕೇ ಎಲ್ಲ ಒಳ್ಳೆಯ ಮಾಲು ಎಂದು ಖಾಸಿಂಬೀ ಸಿಟ್ಟಾದಳು. ಬೋನಾಳ ಕೆರೆಗೆ ಹಕ್ಕಿ ನೋಡಲು ಜನ ಬರುತ್ತಾರೆ, ಅವರಿಗೊಂದು ಪ್ಯಾಸೆಂಜರು ಹಾಕಬೇಕೆಂದು ಹಠ ಹಿಡಿದಳು.

"ಸಿಂಗಲ್ ಲೈನು. ಗೂಡ್ಸು ಎಲ್ಲಿ ನಿಂದರ್ಸೂದು?" ಎಂದರು ಜಮಾಲಸಾಬರು.

"ಶಹಾಪುರದಾಗ ನಿಂದರ್ಸ್ರಿ. ಜನ ಹೋಗಲಿ ಮೊದಲು."

"ಅಕ್ಕಿ ನೆನೀತದ."

"ನಿಮ್ಮ ಪ್ಲಾಸ್ಟಿಕ್ ಅಕ್ಕಿ!"

ಮಸರತ ಹೊಸ ಗಾಡಿಯ ಹೆಸರು ತುಂಬುವ ಜಾಗ ತೆರೆದಿಟ್ಟು, ಬೆರಳು ಕೀಲಿಗಳ ಮೇಲಿಟ್ಟುಕೊಂಡು, ಅತ್ತೆ ಮಾವ ಒಂದು ಮಾತಿಗೆ ಬರುವುದನ್ನು ಕಾಯುತ್ತ ಕೂತಳು.