ಮೊದಲು ತೇವ, ಆಮೇಲೆ ಕಾವು

ನಾನು ಒಂದು ನಡುವಿನ ಪ್ರೋಗ್ರಾಂ. ನಲವತ್ತೇ ಸಾಲು. ಹೆಚ್ಚಿನ ವಿದ್ಯೆ ನನಗಿಲ್ಲ.

ಶಿಡ್ಲಘಟ್ಟದ ಹತ್ತಿರ ಪಿಳ್ಳಮ್ಮನವರ ಚಾಕಿ ಮನೆ. ರೇಷ್ಮೆ ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುತ್ತಾರೆ. ಅಲ್ಲಿ ಹೀಟರನ್ನೂ ಮಂಜು ಉಗುಳುವ ಮಿಷನ್ನನ್ನೂ ನಡೆಸುವ ಹಳೆಯ ಪ್ರೋಗ್ರಾಂ ಸಿ ಭಾಷೆಯವನು. ಗೋಡೆಯ ಸೆನ್ಸರ್ ಓದಿ ಪರದೆಗೆ ಬರೆಯುವವನು ಪೈಥಾನಿನವನು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಅದಕ್ಕೇ ಮೆಕ್ಯಾನಿಕ್ ಶಫೀವುಲ್ಲಾ ನನ್ನನ್ನು ಬರೆದರು. ಪೈಥಾನಿನವನು ಕರೆದಾಗ ಅವನ ಎರಡು ಅಂಕಿ ಹೊತ್ತು ಸಿಯವನ ಫಂಕ್ಷನ್ನಿಗೆ ಮುಟ್ಟಿಸಬೇಕು; ಉತ್ತರ ತಂದು ಒಪ್ಪಿಸಬೇಕು. ಪಿಳ್ಳಮ್ಮನವರು ಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆಯೇ ಶಫೀವುಲ್ಲಾ ವರಸೆ ಇಟ್ಟಿದ್ದರು: ಮೊದಲು ತೇವ, ಆಮೇಲೆ ಕಾವು.

ಆರು ವರ್ಷ ಹಾಗೆ ದುಡಿದೆ. ಶಫೀವುಲ್ಲಾಗೆ ಕಣ್ಣು ಮಂಜಾಯಿತು. ಭಾರ್ಗವಿ ಎಂಬ ಹುಡುಗಿ ಬಂದಳು. ಹೊಸ ಸೆನ್ಸರ್ ಹಾಕಿ ಪೈಥಾನ್ ಕಡೆಯದನ್ನೆಲ್ಲ ಹೊಸದಾಗಿ ಬರೆದಳು. ಓದಿದವರು ಕಾವನ್ನೇ ಮೊದಲು ಬರೆಯುತ್ತಾರೆ. ಅವಳೂ ಬರೆದಳು. ನನ್ನನ್ನು ಮುಟ್ಟಲಿಲ್ಲ.

ಮಾಗಿಯ ಚಳಿ. ಹುಳುಗಳಿಗೆ ಎರಡನೇ ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಎಲೆ ಹಾಕುವುದಿಲ್ಲ, ಬಾಗಿಲು ಮುಚ್ಚಿದರೆ ಒಂದು ದಿನ ಯಾರೂ ಒಳಗೆ ಹೋಗುವುದಿಲ್ಲ. ಭಾರ್ಗವಿ ಬರೆದದ್ದು ಓಡಲು ಶುರುವಾದದ್ದೂ ಅಂದೇ. ಆಗ ನನ್ನ ಕೈಗೆ ಮೊದಲು ಇಪ್ಪತ್ತೇಳು ಬಂತು, ಆಮೇಲೆ ಎಪ್ಪತ್ತು. ನನಗೆ ಅನುಮಾನವಾಯಿತು. ತೇವ ಇಪ್ಪತ್ತೇಳಕ್ಕೆ ಇಳಿದದ್ದನ್ನು ನಾನು ಕಂಡೇ ಇರಲಿಲ್ಲ. ಎರಡೂ ಅಂಕಿಯೇ ತಾನೆ ಎಂದು ದಾಟಿಸಿಬಿಟ್ಟೆ. ಕಾವು ಎಪ್ಪತ್ತೆಂದು ತಿಳಿದ ಸಿಯವನು ಹೀಟರ್ ಆರಿಸಿದ. ತೇವ ಸಾಲದೆಂದು ಮಂಜು ಬಿಡುತ್ತಲೇ ಇದ್ದ. ತೇವ ಏರಿ ಕಾವು ಇಳಿದಾಗಲೂ ಅಂಕಿಗಳು ತಿರುವುಮುರುವಾಗಿಯೇ ಹೋಗುತ್ತಿದ್ದವು; ಅವನು ನಿಲ್ಲಿಸಲಿಲ್ಲ, ನಾನೂ ತಡೆಯಲಿಲ್ಲ.

ಬಾಗಿಲು ತೆರೆದಾಗ ತಟ್ಟೆಗಳೆಲ್ಲ ಒದ್ದೆ. ಹುಳು ಊದಿ ಕೊಳೆತಿದ್ದವು. ಹೀಟರ್ ಆರಿದ್ದು ಹೇಗೆ, ತೇವ ಏರಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದಿಂದ ಎಲೆ ಕತ್ತರಿಸುತ್ತಿದ್ದ ಅಕ್ಕಯ್ಯಮ್ಮನ ಕಡೆಗೆ ಪಿಳ್ಳಮ್ಮನವರು ತಿರುಗಿದರು.

“ಬಾಗಿಲು ಮುಚ್ಚೋ ಮುಂಚೆ ಇಬ್ಬನಿ ಎಲೆ ಹಂಗೇ ಸುರಿದಿದ್ದೀಯ.”

“ಒರೆಸೇ ಹಾಕಿದ್ನಮ್ಮ. ಆ ಮಿಷನ್ನೇನಾದ್ರೂ ನೋಡ್ರಿ.”

“ಮಿಷನ್ನಿಗೆ ನಿನ್ನಂಗೆ ಸೋಮಾರಿತನ ಇಲ್ಲ ಬಿಡು.”

ಅಕ್ಕಯ್ಯಮ್ಮ ಕತ್ತಿಯನ್ನು ತೊಳೆದು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಒಳಗೆ ಕೂತು ನಾನು ಎಲ್ಲವನ್ನೂ ಕೇಳಿದೆ. ಮುಂದಿನ ಕರೆ ಬಂತು, ಅದನ್ನೂ ದಾಟಿಸಿದೆ.

ಹದಿನೈದು ದಿನಕ್ಕೆ ಮುಂದಿನ ಹುಳುವೂ ಹಾಳಾದಾಗ ಭಾರ್ಗವಿ ನನ್ನನ್ನು ತೆರೆದು ಓದಿದಳು. ಮೊದಲು ತೇವ ಎಂಬ ಸಾಲು ಕಂಡು ತಲೆಯ ಮೇಲೆ ಕೈ ಹೊತ್ತು ಕೂತಳು. ಪಿಳ್ಳಮ್ಮನವರು ತಾವೇ ಅಕ್ಕಯ್ಯಮ್ಮನ ಮನೆಗೆ ಹೋಗಿ ಬಂದರು. ಅವಳು ಕಾಫಿ ಕೊಟ್ಟಳಂತೆ, ಚೆನ್ನಾಗಿ ಮಾತಾಡಿದಳಂತೆ. ಕೆಲಸಕ್ಕೆ ಮಾತ್ರ ಬರಲಾರೆ ಎಂದಳಂತೆ. ಊರಲ್ಲಿ ಇನ್ನೂ ಅವಳನ್ನು ಹುಳ ಕೊಂದವಳು ಅನ್ನುತ್ತಾರಂತೆ.

ಈಗ ನಾನು ಹಳೇ ಫೋಲ್ಡರಿನಲ್ಲಿದ್ದೇನೆ. ನನ್ನ ಜಾಗದ ಹೊಸಬ ಪ್ರತಿ ಅಂಕಿಗೂ ತೇವವೋ ಕಾವೋ ಎಂದು ಹೆಸರು ಕೇಳುತ್ತಾನೆ, ಹೇಳದಿದ್ದರೆ ದಾಟಿಸುವುದಿಲ್ಲ. ನಾನೂ ಅವತ್ತು ನಿಂತುಬಿಡಬಹುದಿತ್ತು. ನಿಂತಿದ್ದರೆ ಪರದೆಯ ಮೇಲೆ ಕೆಂಪು ಸಾಲು ಬರುತ್ತಿತ್ತು, ಕೆಟ್ಟ ಪ್ರೋಗ್ರಾಂ ಎಂದು ನನ್ನನ್ನು ಬೈಯುತ್ತಿದ್ದರು. ಆ ಬೈಗುಳಕ್ಕೆ ಹೆದರಿದೆ. ಅದನ್ನು ಅಕ್ಕಯ್ಯಮ್ಮ ತಿಂದಳು.