ಕಾವಲಿಗೆ ಅಂಟಿದ ದೋಸೆ

ಮುರುಗೆಪ್ಪನ ದೋಸೆ ಯಂತ್ರವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕಾರಿನ ಬಿಡಿಭಾಗಗಳ ಕೆಲಸವೆಲ್ಲ ಚಾಕಣದ ದೊಡ್ಡ ಕಾರ್ಖಾನೆಗಳ ಪಾಲಾದ ಮೇಲೆ, 2004ರಲ್ಲಿ, ಪುಣೆ ಬಳಿಯ ಚಿಂಚವಾಡದ ತನ್ನ ಶೆಡ್ಡಿನಲ್ಲಿ ಅವನು ಕಟ್ಟಿದ್ದು ಅದೊಂದೇ. ಹೋಟೆಲಿನವರು ನೋಡಲೂ ಬರಲಿಲ್ಲ. ಅವರು ಬರದಿದ್ದರೆ ಯಂತ್ರವನ್ನೇ ಅವರ ಕಂಪ್ಯೂಟರಿಗೆ ಕಳಿಸೋಣ ಎಂದವಳು ನಿಗಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ತ್ರಿವೇಣಿ. ಪರದೆಯ ಮೇಲೆ ಯಂತ್ರದ ಫೋಟೊ. ಗುಂಡಿ ಒತ್ತಿದರೆ ಹಿಟ್ಟು ಬೀಳುತ್ತದೆ, ಹರಡುತ್ತದೆ, ದೋಸೆ ಸುರುಳಿಯಾಗಿ ಹೊರಬರುತ್ತದೆ. ಓದುವುದೇನೂ ಇಲ್ಲ.

ಎಲ್ಲರಿಗೂ ಕಳಿಸುವ ಮೊದಲು ನೋಡಲು ಅವಳ ಆಫೀಸಿಗೆ ಬಂದವರು ಉಡುಪಿ ಹೋಟೆಲಿನ ಲೋಕನಾಥ ಶೆಟ್ಟರು. ಅವರು ಹೂಂ ಅಂದರೆ ಪಿಂಪ್ರಿಯಿಂದ ನಿಗಡಿಯವರೆಗಿನ ಉಡುಪಿ ಹೋಟೆಲುಗಳೆಲ್ಲ ಹೂಂ ಅಂದಂತೆ. ಇಲ್ಲವೆಂದರೆ ಮುರುಗೆಪ್ಪ ಶೆಡ್ಡಿಗೆ ಬೀಗ ಹಾಕಬೇಕು.

ಶೆಟ್ಟರು ಒತ್ತಿದರು. ಹೊಂಬಣ್ಣದ ದೋಸೆ ಬಂತು. ಮತ್ತೆ ಒತ್ತಿದರು. ಅಂಥದ್ದೇ ಬಂತು. ಎದ್ದು ನಿಂತರು.

"ಸಿನಿಮಾ ಚೆಂದ ಉಂಟು. ನಾನು ಬರ್ತೇನೆ."

"ಏನ್ ತಪ್ಪಾತ್ರಿ ಶೆಟ್ರ? ಬೈರಿ ಬೇಕಾದ್ರ, ಹಿಂಗ ಹೋಗಬ್ಯಾಡ್ರಿ." ಮುರುಗೆಪ್ಪ ಬಾಗಿಲಿಗೆ ಅಡ್ಡ ನಿಂತೇಬಿಟ್ಟ.

"ಎಂತ ಮಾರಾಯ್ರೆ, ಈಗಷ್ಟೇ ಉರಿ ಹಚ್ಚಿದ ಕಾವಲಿಯಿಂದ ಮೊದಲನೇ ದೋಸೆ ಹೀಗೆ ಏಳ್ತದಾ? ನಮ್ಮ ಅಜ್ಜಿಗೇ ಎದ್ದಿಲ್ಲ. ಸುರುವಿಗೇ ಸುಳ್ಳು ಹೇಳಿದ್ರೆ ಉಳಿದದ್ದು ನಂಬುದು ಹೇಗೆ?"

ಫೋಟೊ ತೆಗೆದ ದಿನ ಮೊದಲ ದೋಸೆ ಅಂಟಿಕೊಂಡು ಚಿಂದಿಯಾಗಿತ್ತು. ಅದನ್ನು ತೋರಿಸಲೇಕೂಡದೆಂದು ಹಟ ಹಿಡಿದವನು ಮುರುಗೆಪ್ಪನೇ.

"ಕಾಕಾ, ಆ ಫೋಟೊ ಇನ್ನೂ ಅದಾವ. ಹಾಕ್ಲಿ?" ಎಂದಳು ತ್ರಿವೇಣಿ.

"ನನ್ನ ಮಷೀನಿನ ಮಾನ ಹೋಗ್ತದವ್ವಾ."

"ಈಗೇನ್ ಉಳದದ ಕಾಕಾ?"

ಮುರುಗೆಪ್ಪ ತಲೆಯಾಡಿಸಿ ಒಪ್ಪಿಕೊಂಡ.

ಶೆಟ್ಟರನ್ನು ಕಾಫಿಯ ನೆಪದಲ್ಲಿ ಕೂರಿಸಿದರು. "ಬೇರೆಯವರ ಹೋಟೆಲಿನ ಕಾಫಿ ಕುಡಿಸ್ತೀರಲ್ಲ ನನಗೆ!" ಎಂದು ಗೊಣಗುತ್ತಲೇ ಅವರು ಕುಡಿದರು. ಇನ್ನೊಂದು ಲೋಟವೂ ಬಂತು. ತ್ರಿವೇಣಿ ಅವಸರದಲ್ಲಿ ಚಿತ್ರ ಬದಲಿಸತೊಡಗಿದಳು. ಎರಡು ಸಲ ತಪ್ಪು ಚಿತ್ರ ಕೂತಿತು. ಕೊನೆಗೆ ಹರಿದ ದೋಸೆಯನ್ನು ಮೊದಲಿಗೆ ಹಾಕಿದಳು. ಸುಟ್ಟದ್ದನ್ನೂ ಬಿಡಲಿಲ್ಲ. ಪಕ್ಕದಲ್ಲಿ ಸಟ್ಟುಗ, ಎಣ್ಣೆ, ಅರ್ಧ ಈರುಳ್ಳಿ, ಉರಿ ಏರಿಸಿ ಇಳಿಸುವ ತಿರುಗುಗುಂಡಿ ಇಟ್ಟಳು.

ಶೆಟ್ಟರು ನಿಂತುಕೊಂಡೇ ಒತ್ತಿದರು. ದೋಸೆ ಚಿಂದಿಯಾಯಿತು.

"ಹಾಂ!" ಎಂದು ಕುರ್ಚಿ ಎಳೆದುಕೊಂಡರು. ಉರಿ ಏರಿಸಿದರು. ದೋಸೆ ಕಪ್ಪಾಯಿತು. ಮುರುಗೆಪ್ಪ ಕಣ್ಣು ಮುಚ್ಚಿಕೊಂಡ, ಮುಗಿಯಿತು ಎಂದುಕೊಂಡ. ಶೆಟ್ಟರು ಪರದೆಯ ಮೇಲೆಯೇ ಅದನ್ನು ಕೆರೆದು ಎಸೆದರು, ಎಣ್ಣೆ ಬಿಟ್ಟು ಈರುಳ್ಳಿ ತಿಕ್ಕಿದರು, ಉರಿ ಇಳಿಸಿದರು. ದೋಸೆಯ ಅಂಚು ತಾನಾಗಿ ಎದ್ದಿತು. ಹೋಟೆಲಿನಿಂದ ಮೊಬೈಲಿಗೆ ಫೋನ್ ಬಂತು, ಕತ್ತರಿಸಿದರು.

"ಏನಂತೀರಿ ಶೆಟ್ರ?" ಮುರುಗೆಪ್ಪ ಬಾಗಿಲಿನಿಂದಲೇ ಕೇಳಿದ.

"ಸುಮ್ನಿರಿ ಮಾರಾಯ್ರೆ, ಕಾವಲಿ ಕಾದಿದೆ." ಇನ್ನೂ ಒಂದನ್ನು ಎಬ್ಬಿಸಿದ ಮೇಲೆಯೇ ಅವರು ತಿರುಗಿದ್ದು. "ನಾಳೆ ಯಂತ್ರವನ್ನು ನನ್ನ ಅಡುಗೆಮನೆಗೆ ತನ್ನಿ. ಒಂದು ವಾರ ನಡೆಸಿ ನೋಡ್ತೇನೆ, ಆಮೇಲೆ ಮಾತು. ಮೊದಲನೇ ದೋಸೆ ಮಾತ್ರ ನೀವೇ ತಿನ್ಬೇಕು."

"ತಿಂತೀನ್ರಿ ಶೆಟ್ರ," ಎಂದ ಮುರುಗೆಪ್ಪ. ಬಾಗಿಲಿಗೆ ಅಡ್ಡ ನಿಂತಿದ್ದವನು ಈಗ ಸರಿದು ದಾರಿ ಬಿಟ್ಟ.