ನಾಲ್ಕುನೂರು ಒಲೆ

ಜನಾಜಕ್ಕೆ ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದಿರಲಿಲ್ಲ, ಆನಂದತೀರ್ಥರ ಎಡಗಾಲಿನ ಚಪ್ಪಲಿ ಕಿತ್ತಿತು. ನಿಂತರೆ ಹಿಂದಿನವರು ಮುಗ್ಗರಿಸುತ್ತಾರೆ, ನಡೆದರೆ ಚಪ್ಪಲಿ ಪಟಪಟ ಬಡಿಯುತ್ತದೆ. ಇಂಥ ಹೊತ್ತಿನಲ್ಲೂ ತನ್ನಿಂದ ಅಪಚಾರವೇ ಆಯಿತಲ್ಲ ಎಂದು ಅವರು ಬೆವೆತರು.

"ಬಿಡ್ರಿ ಆಚಾರ್ರ, ನಾ ಹಿಡೀತೀನಿ." ಚಹಾದಂಗಡಿಯ ಮಜೀದಸಾಬ ಪಕ್ಕದಿಂದ ಬಂದು ಹೆಗಲು ತೂರಿಸಿದ. "ಚಪ್ಲಿ ಕೈಯಾಗ ಹಿಡ್ಕೊಂಡು ಬರ್ರಿ. ಬಷೀರಾ ಆಪಾ ಇದ್ದಿದ್ರ ಈಗ ಹೊಟ್ಟಿ ಹಿಡ್ಕೊಂಡು ನಗತಿದ್ಲು."

ಆನಂದತೀರ್ಥರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹಿಂದೆ ನಡೆದರು. ಸೇಡಂನಿಂದ ಮೊದಲ ಬಸ್ಸಿಗೇ ಆಡಕಿಗೆ ಬಂದಿದ್ದರು. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಫಾರಂ ಇತ್ತು. ಸೋಮವಾರದೊಳಗೆ ತುಂಬಿ ಕಳಿಸಬೇಕು. ಅದನ್ನು ಅವರ ಸರ್ಕಾರಿ ಕಚೇರಿಗೆ ಬಂದು ಕೊಟ್ಟುಹೋದವಳು ಸುಜಯ ಎಂಬ ಇಂಜಿನಿಯರ್ ಹುಡುಗಿ. ದೇಶಕ್ಕೆ ಒಂದು ಹವಾಮಾನದ ಯೋಜನೆ ಬರೆಯುತ್ತಿದ್ದಾರೆ, ಎಲ್ಲೆಲ್ಲಿ ಹೊಗೆ ಕಡಿಮೆಯಾಗಿದೆ, ಇನ್ನೆಲ್ಲಿ ಕಡಿಮೆ ಮಾಡಬೇಕು ಎಂದು ಲೆಕ್ಕ ಹಾಕುತ್ತಿದ್ದಾರೆ ಎಂದು ವಿವರಿಸಿದ್ದಳು.

"ನಿಮ್ಮ ಹಳೇ ಫೈಲಿನಾಗ ಹೊಗಿ ಇಲ್ಲದ ಒಲಿ ನಾಕನೂರು ಅಂತ ಅದರೀ ಸರ್. ಒಂದೊಂದು ಒಲಿಗಿ ವರ್ಷಕ್ಕ ಇಷ್ಟು ಕಟ್ಟಿಗಿ ಉಳೀತದಂತ ಗುಣಸ್ತೀವಿ. ಈಗ ಎಷ್ಟು ಬಳಕ್ಯಾಗ ಅವ, ಅಷ್ಟು ಬರದು ಕೊಡ್ರಿ, ಸಾಕು."

ಅಂದಿನಿಂದ ಆನಂದತೀರ್ಥರಿಗೆ ನಿದ್ದೆ ಹತ್ತಿರಲಿಲ್ಲ. ನಾಲ್ಕುನೂರರಲ್ಲಿ ಇನ್ನೂರೈವತ್ತೇಳು ಒಲೆ ಇರಲೇ ಇಲ್ಲ. ಇಲ್ಲದ ಒಲೆ ಇಲ್ಲದ ಕಟ್ಟಿಗೆಯನ್ನು ಹನ್ನೆರಡು ವರ್ಷ ಉಳಿಸಿತ್ತು. ಸುಳ್ಳು ಎಂದು ಈಗ ಬರೆದರೆ ಬರೆದವರು ಯಾರು ಎಂಬ ವಿಚಾರಣೆ ಬರುತ್ತದೆ, ನಿವೃತ್ತಿಗೆ ಎಂಟೇ ತಿಂಗಳು. ಸುಮ್ಮನಿದ್ದರೆ ಆ ಸುಳ್ಳಿನ ಮೇಲೆ ದಿಲ್ಲಿಯವರು ಯೋಜನೆ ಕಟ್ಟುತ್ತಾರೆ. ಒಲೆ ಕಟ್ಟಿದ ಬಷೀರಾಳನ್ನೇ ಕೇಳೋಣ ಎಂದು ನಿಶ್ಚಯ ಮಾಡಿದ ದಿನವೇ ಅವಳು ತೀರಿಕೊಂಡ ಸುದ್ದಿ ಬಂತು.

ಖಬರಸ್ತಾನದಲ್ಲಿ ಫರ್ಸಿ ಕಲ್ಲು ಮುಚ್ಚಿ ಮಣ್ಣು ಹಾಕುವಾಗ ಅವರು ಬೇಲಿಯ ಹತ್ತಿರ ದೂರ ನಿಂತಿದ್ದರು. ಮಜೀದಸಾಬ ಕೈಬೀಸಿ ಕರೆದ.

"ಬರ್ರಿ, ಮೂರು ಮುಷ್ಟಿ ನೀವೂ ಹಾಕ್ರಿ. ಹ್ಯಾಂಗೂ ಮನಿಗಿ ಹೋಗಿ ಜಳಕಾ ಮಾಡ್ತೀರಲ್ಲ!"

*

ತೊಂಬತ್ತಾರರ ಮಾರ್ಚ್ ಕೊನೆ, ಸರ್ಕಾರದ ಒಲೆ ಯೋಜನೆಗೆ ನಾಲ್ಕುನೂರರ ಲೆಕ್ಕ ಒಪ್ಪಿಸುವ ವಾರ. ಗೌಂಡಿಗಳಿಗೆ ಮಣ್ಣು ಹೊರುತ್ತಿದ್ದ ವಿಧವೆ ಬಷೀರಾಳನ್ನು ಒಲೆ ಕಟ್ಟುವ ತರಬೇತಿಗೆ ಕಳಿಸಿದವರು ಆನಂದತೀರ್ಥರೇ. ಗಂಡಸು ಗೌಂಡಿಯನ್ನು ಯಾರೂ ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ಇವಳಾದರೆ ಯಾರ ಮನೆಗೂ ಹೋಗಿ, ಮೊದಲು ಚಹಾ ಕೇಳಿ ಕುಡಿದು, ಆಮೇಲೆ ಹಳೆಯ ಒಲೆ ಒಡೆಯುತ್ತಿದ್ದಳು.

ಆವತ್ತು ಅವಳು ಒಂದು ಮನೆಯ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದಳು. ಆನಂದತೀರ್ಥರು ರಿಜಿಸ್ಟರು, ಇಂಕ್ ಪ್ಯಾಡು ಹಿಡಿದು ನಿಂತಿದ್ದರು.

"ನೂರಾ ನಲವತ್ಮೂರು ಕಟ್ಟೀನ್ರಿ ಆಚಾರ್ರ. ಉಳಿದವು ಯಾವಾಗ ಹುಟ್ಟಿದ್ವು?"

"ಮುಂದಿನ ವರ್ಷ ಕಟ್ಟೋಣಂತ."

"ಮುಂದಿನ ವರ್ಷದ ಒಲಿ ಈ ವರ್ಷ ಹ್ಯಾಂಗ ಉರೀತದ?"

ಅವರು ತಲೆ ತಗ್ಗಿಸಿದರು. "ಗುರಿ ಮುಟ್ಟಲಿಲ್ಲಂದ್ರ ವರ್ಗಾ ಮಾಡ್ತಾರ ಬಷೀರಾಬಿ. ಅವ್ವಗ ಲಕ್ವಾ ಹೊಡದದ. ಆಕೀನ್ನ ಎತ್ಕೊಂಡು ಎಲ್ಲಿಗಿ ಹೋಗ್ಲಿ?"

ಬಷೀರಾ ಕೆಸರಿನಿಂದ ಕಾಲು ಕಿತ್ತಳು. ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೆ ಅದನ್ನು ಬಹಳ ಹೊತ್ತು ನೋಡಿದಳು.

"ಇಷ್ಟೊತ್ತನ ಇದು ನಿಮ್ಮ ಸುಳ್ಳಿತ್ತು. ಈಗ ನನ್ನದೂ ಆತು. ನನಗ ಬರ್ಯಾಕ ಬರಲ್ರಿ, ನನ್ನ ಮಾತಂದ್ರ ಈ ಹೆಬ್ಬೆಟ್ಟೊಂದೇ."

ಮರುವರ್ಷ ಯೋಜನೆ ಬೇರೆ ಕಡೆ ಹೋಯಿತು. ಹೊಗೆ ಹೋಗುವ ಸಿಮೆಂಟ್ ಪೈಪು ಬರುವುದು ನಿಂತಿತು. ಆನಂದತೀರ್ಥರು ಆಡಕಿಯ ದಾರಿಯನ್ನೇ ಬಿಟ್ಟರು. ಸೇಡಂ ಸಂತೆಯಲ್ಲಿ ಸಿಕ್ಕರೆ ಬಷೀರಾ ದೂರದಿಂದಲೇ ಕೂಗುತ್ತಿದ್ದಳು: "ಆಚಾರ್ರ, ಅವ್ವ ಹ್ಯಾಂಗ ಹಾರ?" ಒಲೆಯ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

*

ಮಣ್ಣು ಮುಗಿಸಿ ಬಂದಾಗ ಬಷೀರಾಳ ಅಂಗಳದ ತುಂಬ ಹೆಂಗಸರಿದ್ದರು. ಆನಂದತೀರ್ಥರನ್ನು ಬೇವಿನ ನೆರಳಿನ ಹೊರಸಿನ ಮೇಲೆ ಕೂಡಿಸಿದರು. ತವರಿಗೆ ನಾಲ್ಕು ದಿನದ ಹಿಂದೆ ಚಿತ್ತಾಪುರದಿಂದ ಬಂದಿದ್ದ ಮಗಳು ಮಹೆವಿಶ ನೀರು ತಂದುಕೊಟ್ಟಳು. ವಾಡಿಯಿಂದ ಬಂದ ತಂಗಿ ಖುರ್ಷಿದಬೇಗಂ ಬಾಗಿಲಲ್ಲಿ ಕೂತು ಅಳುತ್ತ, ಅಳುವಿನ ನಡುವೆ ಮಾತಾಡುತ್ತಿದ್ದಳು.

"ಡಾಕ್ಟ್ರು ಎದಿ ನೋಡಿ ಕೇಳಿದ್ರು, ಬೀಡಿ ಸೇದತಾರೇನಂತ. ನಮ್ಮಕ್ಕಗ ಸಿಟ್ಟು ಬಂತು. ಸೇದತಿದ್ರ ನಿಮಗೂ ಒಂದು ಕೊಡತಿದ್ದೆ ಅಂದ್ಲು!"

ಅಷ್ಟರಲ್ಲಿ ಆಚೆ ಊರಿನ ಮಹಾದೇವಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ರೊಟ್ಟಿ, ಪುಂಡಿಪಲ್ಯ ತಂದಿದ್ದಳು.

"ಆಕಿ ಕಟ್ಟಿದ ಒಲಿ ಮ್ಯಾಲೇ ಸುಟ್ಟೀನವ್ವ. ಹೋದ ಬ್ಯಾಸಗ್ಯಾಗ ಕಟ್ಟಿದ್ಲು."

"ಹೋದ ಬ್ಯಾಸಗ್ಯಾಗ?" ಆನಂದತೀರ್ಥರು ಹೊರಸಿನಿಂದ ಎದ್ದರು. "ಯೋಜನಿ ನಿಂತು ಎಷ್ಟ ವರ್ಷ ಆತು! ಪೈಪು ಎಲ್ಲಿಂದ ಬಂತು?"

"ಎಣ್ಣಿ ಡಬ್ಬಿ ತಗಡು ಸುತ್ತಿ ಆಕೀನೇ ಮಾಡತಿದ್ಲು. ಮ್ಯಾಲ ಹಾಸಲಿಕ್ಕ ಶಹಾಬಾದ ಕಲ್ಲಿನ ಒಡಕ ಚೂರು. ನಮ್ಮ ಊರಾಗೇ ಹನ್ನೊಂದು ಕಟ್ಯಾಳ್ರೀ. ಯಾಕ ಇಷ್ಟು ಸಾಯ್ತಿಯೇ ಅಂದ್ರ, ಯಾರೋ ನಾಕನೂರಂತ ಬರಕೊಂಡಾನ, ಹೆಬ್ಬೆಟ್ಟು ನನ್ನದದ, ತುಂಬಸಬೇಕು ಅಂತಿದ್ಲು. ಯಾವ ಭಾಡ್ಯಾ ಬರಕೊಂಡಿದ್ನೋ ಏನೋ!"

"ಮಹಾದೇವಮ್ಮ..." ಮಹೆವಿಶ ಕಣ್ಣಿಂದ ಸನ್ನೆ ಮಾಡಿದಳು.

"ಆ ಭಾಡ್ಯಾ ನಾನೇ," ಆನಂದತೀರ್ಥರು ಅಂದರು.

ಮಹಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖುರ್ಷಿದಬೇಗಂಳ ಅಳು ನಿಂತೇ ಹೋಯಿತು.

"ಎಷ್ಟಾಗಿದ್ವು ಮಹೆವಿಶ?"

"ಮುನ್ನೂರಾ ತೊಂಬತ್ತೆರಡು, ಕಾಕಾ. ಮೊನ್ನೆ ಕೆಮ್ಮಕೋತ ಹೇಳಿದ್ಲು, ಇನ್ನ ಎಂಟು ಉಳಿದಾವ ಅಂತ."

ಆನಂದತೀರ್ಥರು ಜೇಬಿನಿಂದ ಫಾರಂ ತೆಗೆದರು. ಮಡಿಕೆ ಬಿಚ್ಚಿದರು. ಎಂಟೇ ಕಡಿಮೆ! ನಾಲ್ಕುನೂರು ಎಂದು ಬರೆದು ಕಳಿಸಿದರೆ ಈಗ ಅದು ಅಂಥ ಸುಳ್ಳೂ ಅಲ್ಲ. ವಿಚಾರಣೆ ಇಲ್ಲ, ನಿವೃತ್ತಿಗೆ ಕುತ್ತಿಲ್ಲ. ಸತ್ತವಳು ತನ್ನನ್ನು ದಡ ಮುಟ್ಟಿಸಿಯೇ ಹೋಗಿದ್ದಾಳೆ. ಪೆನ್ನಿನ ಮುಚ್ಚಳ ತೆಗೆದರು. ಆದರೆ ಫಾರಂನಲ್ಲಿ ಕೇಳಿದ್ದು ಕಟ್ಟಿದ್ದು ಎಷ್ಟು ಎಂದಲ್ಲ. ಬಳಕೆಯಲ್ಲಿ ಎಷ್ಟಿವೆ ಎಂದು.

"ಒಂದು ಕೇಳ್ತೀನ್ರವ್ವ," ಎಂದರು. "ಈ ಮುಂಜಾನಿ ಯಾರ್ಯಾರ ಮನ್ಯಾಗ ಆ ಒಲಿ ಹಚ್ಚೀರಿ?"

"ನನ್ನದು ಮಳ್ಯಾಗ ಬಿತ್ತು," ಖುರ್ಷಿದಬೇಗಂ ಮೆಲ್ಲಗೆ ಅಂದಳು. "ಅಕ್ಕಗ ಹೇಳಿರಲಿಲ್ಲ."

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಗಂಟಲು ಸರಿ ಮಾಡಿಕೊಂಡಳು. "ನಮ್ಮದ್ರಾಗ ಕೋಳಿ ಮರಿ ಮಾಡ್ಯದ. ಹ್ಯಾಂಗ ಎಬ್ಬಸಲಿ?"

ಯಾರೋ ಕಿಸಕ್ಕೆಂದರು. ಸಾವಿನ ಮನೆ ಎಂಬುದು ಮರೆತು ಇಡೀ ಅಂಗಳ ನಕ್ಕಿತು, ನಗುತ್ತಲೇ ಮತ್ತೆ ಅತ್ತಿತು. ಆನಂದತೀರ್ಥರು ಮಹೆವಿಶಳ ಹತ್ತಿರ ಹೋದರು.

"ಮನಿ ಮನಿಗಿ ಹೋಗಿ ಎಣಸಬೇಕಂತೀನಿ. ಉರಿಯೂ ಒಲಿ ಅಷ್ಟೇ ಬರೀತೀನಿ. ಹಳೇದು ಸುಳ್ಳು, ನಾನೇ ಬರದದ್ದು ಅಂತನೂ ಬರೀತೀನಿ. ನನಗ ಏನರೆ ಆಗಲಿ. ಆದ್ರ ಮಗಳ, ಹಂಗ ಬರದ್ರ ನಿಮ್ಮ ಅಮ್ಮೀ ಹೆಬ್ಬೆಟ್ಟೂ ಸುಳ್ಳಾಗ್ತದ. ಹನ್ನೆರಡು ವರ್ಷ ಮಣ್ಣು ತುಳದಾಳ. ನೀ ಬ್ಯಾಡ ಅಂದ್ರ ಬರ್ಯಲ್ಲ."

ಮಹೆವಿಶ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಒಳಗ ಬರ್ರಿ ಕಾಕಾ."

ಅಡುಗೆಮನೆಯ ಬಾಗಿಲು ಗಿಡ್ಡ. ಅವರು ಬಗ್ಗಿ ಒಳಗೆ ಹೋದರು. ಮೊದಲು ಏನೂ ಕಾಣಲಿಲ್ಲ. ಗೋಡೆ, ಜಂತಿ, ಗೂಡು ಎಲ್ಲ ಕಪ್ಪೇ ಕಪ್ಪು. ಜಂತಿಯಿಂದ ಮಸಿ ನೂಲಿನಂತೆ ಜೋತಿತ್ತು. ಕಣ್ಣು ಹೊಂದಿದ ಮೇಲೆ ಮೂಲೆಯಲ್ಲಿ ಮೂರು ಕಲ್ಲು ಕಂಡವು, ನಡುವೆ ಒಂದು ಹಿಡಿ ಬೂದಿ.

"ಪೈಪು ಮಾಡಿ ಇಟ್ಟಾಗೆಲ್ಲಾ ಯಾರರೆ ಬಂದು ಕೇಳತಿದ್ರು," ಮಹೆವಿಶ ಅಂದಳು. "ಕೊಟ್ಟು ಕಳಸತಿದ್ಲು. ನಮ್ಮ ಮನೀದು ನಾಕನೂರನೇದು ಅಂತಿದ್ಲು." ದುಪಟ್ಟಾದಿಂದ ಮೂಗು ಒರೆಸಿಕೊಂಡಳು. "ಬರೀರಿ. ಮೊದಲು ಈ ಮನೀದು ಬರೀರಿ."

ಆನಂದತೀರ್ಥರು ಹೊಸ್ತಿಲ ಬೆಳಕಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಫಾರಂನ ಹಿಂಬದಿಯನ್ನು ಮೊಣಕಾಲ ಮೇಲೆ ಹರಡಿದರು. ಒಂದು ಎಂದು ಅಂಕಿ ಹಾಕಿ ಹೆಸರು ಬರೆದರು: ಬಷೀರಾ. ಅದರ ಮುಂದೆ ಬರೆದರು: ಮೂರು ಕಲ್ಲು.

ತಲೆ ಎತ್ತಿದರೆ ಬಾಗಿಲಾಚೆ ಹೆಂಗಸರು ಎದ್ದು ನಿಂತಿದ್ದರು. ಎರಡನೆಯ ಹೆಸರು ಯಾರದೆಂದು ಮಹಾದೇವಮ್ಮನಿಗೂ ಕೋಳಿಯ ಮುದುಕಿಗೂ ಆಗಲೇ ಜಗಳ ಹತ್ತಿತ್ತು.